ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಇಳಿಸಿ ತುಂಬಿಸೋದಾ, ಪ್ಯಾನ್ ಬಿಚ್ಚಿಸೋದಾ, ಮಷೀನ್ ಹಾಕಿಸೋದಾ?

ನಮ್ಮ ಮನೆಯಲ್ಲಿ ಎರಡು ಆಟೋಮ್ಯಾಟಿಕ್ ಕಾರುಗಳಿವೆ. ನನ್ನದು ಸ್ಕೋಡಾ ರ‍್ಯಾಪಿಡ್ 1.6 ಪೆಟ್ರೋಲ್, ತಮ್ಮನದು ಹ್ಯುಂಡೈ ಕ್ರೆಟಾ 1.6 ಪೆಟ್ರೋಲ್. ಎರಡರಲ್ಲೂ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರುಗಳಿಗೆ ದಾಟಿಸುವ ಭಾಗ) ಇರುವ ಆರು ಸ್ಪೀಡಿನ ಗೇರ್‌ಬಾಕ್ಸ್. ಗೇರ್‌ಬಾಕ್ಸ್ ಆಯಿಲ್ ಬದಲಿಸಲು ಗ್ಯಾರೇಜಿನವರು ಹೇಳುವ ಮೂರು ದಾರಿಗಳನ್ನೂ ಈ ಎರಡು ಗಾಡಿಗಳಲ್ಲಿ ಮಾಡಿಸಿ ನೋಡಿದ್ದೇವೆ. ತಳದಲ್ಲಿ ಬಿಚ್ಚುವಂಥ ಪ್ಯಾನ್ (ಆಯಿಲ್ ನಿಲ್ಲುವ ತಟ್ಟೆ) ಇರುವ ಗಾಡಿಯಾದರೆ ನನ್ನ ಓಟು ಪ್ಯಾನ್ ಬಿಚ್ಚಿಸುವುದಕ್ಕೆ. ಆದರೆ ಯಾವ ದಾರಿ ಹಿಡಿದರೂ, ಕೊನೆಯಲ್ಲಿ ಆಯಿಲ್ ಲೆವೆಲ್ ನೋಡುವ ಹತ್ತು ನಿಮಿಷದಲ್ಲೇ ಕೆಲಸ ಗೆಲ್ಲುವುದು, ಇಲ್ಲವೇ ಕೆಡುವುದು. ಅದಕ್ಕೆ ಆಮೇಲೆ ಬರುತ್ತೇನೆ.

‘ಇದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನನಗೂ ಒಬ್ಬ ಸರ್ವಿಸ್ ಅಡ್ವೈಸರ್ ಹಾಗೇ ಹೇಳಿದ್ದರು. ಬಿಎಂಡಬ್ಲ್ಯುದಂಥ ದೊಡ್ಡ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸಿನ ಆಯಿಲನ್ನು 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಹ್ಯುಂಡೈ ಮ್ಯಾನುಯಲ್ಲಿನಲ್ಲಿ ಮಾಮೂಲಿ ಓಡಾಟಕ್ಕೆ ಬದಲಿಸಬೇಕಿಲ್ಲ ಎಂದಿದ್ದರೂ, ಕಷ್ಟದ ಓಡಾಟಕ್ಕೆ ಬೇರೆಯೇ ಲೆಕ್ಕ ಕೊಟ್ಟಿದ್ದಾರೆ. ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿಗೆ ದಿನಾ ಆಮೆ ನಡಿಗೆಯಲ್ಲಿ ಹೋಗುವ ಗಾಡಿ, ರಜೆ ಬಂದರೆ ಶಿರಾಡಿ ಘಾಟಿ ಹತ್ತಿಳಿಯುವ ಗಾಡಿ ಕಷ್ಟದ ಓಡಾಟದ್ದೇ ಅಲ್ವಾ? ನಿಂತು ನಿಂತು ಹೋಗುವಾಗ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದಿಲ್ಲ. ಎಂಜಿನ್ನಿನ ಬಲ ಅಲ್ಲಿ ಆಯಿಲ್ ಮೂಲಕವೇ ದಾಟಬೇಕು. ಅದರಲ್ಲಿ ಒಂದು ಪಾಲು ಬಿಸಿಯಾಗಿ ಆಯಿಲಿಗೇ ಸೇರುತ್ತದೆ. ಆಯಿಲ್ ಸಾಯುವುದು ಕಿಲೋಮೀಟರಿನಿಂದಲ್ಲ, ಈ ಬಿಸಿಯಿಂದ.

ನನ್ನ ಗಾಡಿಯ ದೂರು ಇಷ್ಟೇ. ಬೆಳಗ್ಗೆ ತಣ್ಣಗಿರುವಾಗ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಆರ್‌ಪಿಎಂ ಸ್ವಲ್ಪ ಮೇಲೆದ್ದು ಇಳಿಯುತ್ತಿತ್ತು. ಸಿಗ್ನಲ್ಲಿಗೆ ನಿಧಾನ ಮಾಡುವಾಗ ಕೊನೆಯಲ್ಲಿ ಒಂದು ಸಣ್ಣ ಜಗ್ಗು. ದೊಡ್ಡ ರಿಪೇರಿಯ ಲಕ್ಷಣವೇನಲ್ಲ, ಆದರೆ ದಿನಾ ಓಡಿಸುವವರಿಗೆ ಗೊತ್ತಾಗುತ್ತದೆ.

ಮೊದಲು ಮಾಡಿಸಿದ್ದು ಬರೀ ಇಳಿಸಿ ತುಂಬಿಸುವ ಕೆಲಸ. ರ‍್ಯಾಪಿಡ್‌ನಲ್ಲಿರುವುದು ಜಪಾನಿನ ಐಸಿನ್ ಕಂಪನಿಯ ಗೇರ್‌ಬಾಕ್ಸ್. ಫೋಕ್ಸ್‌ವ್ಯಾಗನ್ ಬಳಗದಲ್ಲಿ ಇದಕ್ಕೆ 09ಜಿ ಎಂದು ಹೆಸರು. ಹಳೇ ವೆಂಟೋ 1.6 ಆಟೋಮ್ಯಾಟಿಕ್‌ನಲ್ಲೂ ಇದೇ ಇತ್ತು. ಒಟ್ಟು ಸುಮಾರು 7 ಲೀಟರ್ ಆಯಿಲ್ ಹಿಡಿಯುತ್ತದೆ. ತಳದ ಡ್ರೈನ್ ಪ್ಲಗ್ (ಆಯಿಲ್ ಇಳಿಸುವ ಬಿರಡೆ) ತೆಗೆದರೆ ಬರುವುದು ಅದರಲ್ಲಿ ಅರ್ಧ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ, ಗೇರ್ ಬದಲಿಸಲು ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿಯಲ್ಲಿ, ಕೂಲರಿನಲ್ಲಿ ಕೂತಿರುತ್ತದೆ. ಅಂದರೆ ಒಂದು ಸಲ ಮಾಡಿಸಿದರೆ ಅರ್ಧ ಹೊಸದು, ಎರಡು ಸಲಕ್ಕೆ ಮುಕ್ಕಾಲು, ಮೂರು ಸಲಕ್ಕೆ ನೂರಕ್ಕೆ 87 ಪಾಲು.

ಖರ್ಚು ಇದರಲ್ಲೇ ಕಡಿಮೆ. ಗೇರ್‌ಬಾಕ್ಸಿಗೆ ಯಾವ ಆಘಾತವೂ ಇಲ್ಲ. ಬೆಳಗಿನ ಆರ್‌ಪಿಎಂ ಏರಾಟ ಕಡಿಮೆಯಾಯಿತು, ಜಗ್ಗು ಮಾತ್ರ ಹಾಗೇ ಉಳಿಯಿತು. ಇಳಿದ ಆಯಿಲ್ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿತ್ತು. ಹೊಸದು ತಿಳಿ ಜೇನು ಬಣ್ಣ. ಈ ವಿಧಾನದ ಕೊರತೆ ಒಂದೇ: ಫಿಲ್ಟರ್ ಮತ್ತು ಮ್ಯಾಗ್ನೆಟ್ಟುಗಳನ್ನು ಕಣ್ಣಲ್ಲೂ ನೋಡಲಾಗುವುದಿಲ್ಲ.

ಹಾಗಾಗಿ ಮುಂದಿನ ಸಲ ಪ್ಯಾನ್ ಬಿಚ್ಚಿಸಿದೆ. ಇದನ್ನು ನಿಂತು ನೋಡಬೇಕು. ಸುತ್ತಲಿನ ಬೋಲ್ಟುಗಳನ್ನು ಬಿಚ್ಚಿ, ಒಂದು ಮೂಲೆ ಮೆಲ್ಲಗೆ ಜಾರಿಸಿದರೆ ಉಳಿದ ಆಯಿಲ್ ಅಲ್ಲಿಂದ ಸುರಿಯುತ್ತದೆ. ಪ್ಯಾನ್ ಕೈಗೆ ಬಂದಾಗ ತಳದ ಮ್ಯಾಗ್ನೆಟ್ಟುಗಳ ಮೇಲೆ ಬೂದು ಬಣ್ಣದ ಕೆಸರು ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಬೆರಳಲ್ಲಿ ತೆಗೆದು ಬಿಳೀ ಬಟ್ಟೆಯ ಮೇಲೆ ಸವರಿ, ಟಾರ್ಚ್ ಹಿಡಿದು ತೋರಿಸಿದರು. ಬೆಣ್ಣೆಯಷ್ಟು ನುಣುಪಾಗಿದ್ದರೆ ಅದು ಮಾಮೂಲಿ ಸವೆತ, ಹೆದರಬೇಕಾಗಿಲ್ಲ. ಮಿನುಗುವ ಚೂರುಗಳು, ಸೂಜಿಯಂಥ ತುಣುಕುಗಳು ಸಿಕ್ಕರೆ ಒಳಗೆ ಏನೋ ಮುರಿಯುತ್ತಿದೆ ಎಂದು ಅರ್ಥ. ನನ್ನದರಲ್ಲಿ ನುಣುಪು ಕೆಸರಷ್ಟೇ ಇತ್ತು. ಆ ಒಂದು ಬಟ್ಟೆಯ ತುಂಡು ನೋಡಿ ಸಿಕ್ಕ ಸಮಾಧಾನ ಯಾವ ಸ್ಕ್ಯಾನರ್ ರಿಪೋರ್ಟಿನಿಂದಲೂ ಸಿಕ್ಕಿರಲಿಲ್ಲ.

ಫಿಲ್ಟರ್ ಹೊಸದು, ಪ್ಯಾನಿನ ಗ್ಯಾಸ್ಕೆಟ್ ಹೊಸದು, ಮ್ಯಾಗ್ನೆಟ್ ಒರೆಸಿ ಮತ್ತೆ ಅದೇ ಜಾಗಕ್ಕೆ. ಆಯಿಲ್ ನಾಲ್ಕು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸ್ ಕಲಿತಿಟ್ಟುಕೊಂಡ ಹಳೇ ಲೆಕ್ಕವನ್ನು ರಿಸೆಟ್ ಮಾಡಿಸಿ ಮನೆಗೆ ತಂದೆ. ಮೊದಲ ಕೆಲವು ದಿನ ಗೇರುಗಳು ಸ್ವಲ್ಪ ತಡಬಡಾಯಿಸಿದವು. ಆಮೇಲೆ ಸಿಗ್ನಲ್ಲಿನ ಜಗ್ಗು ಪೂರ್ತಿ ಹೋಯಿತು. ಕೂಲಿ ಜಾಸ್ತಿ, ಅರ್ಧ ದಿನ ಹಿಡಿಯುತ್ತದೆ, ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಸೋರುತ್ತದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯುವವರ ಹತ್ತಿರವೇ ಮಾಡಿಸಿ.

ಮೂರನೆಯದು ಮಷೀನ್. ಇದನ್ನು ಮಾಡಿಸಿದ್ದು ಕ್ರೆಟಾಗೆ. ಅದರಲ್ಲಿ ಗೇರ್‌ಬಾಕ್ಸಿನಿಂದ ರೇಡಿಯೇಟರ್ ಕಡೆಗೆ ಆಯಿಲ್ ಪೈಪುಗಳು ಹೋಗುತ್ತವೆ. ಅವುಗಳನ್ನು ಬಿಚ್ಚಿ ನಡುವೆ ಮಷೀನ್ ಜೋಡಿಸುತ್ತಾರೆ. ಎಂಜಿನ್ ಓಡುವಾಗ ಗೇರ್‌ಬಾಕ್ಸಿನ ಪಂಪೇ ಹಳೇ ಆಯಿಲನ್ನು ಹೊರಗೆ ತಳ್ಳುತ್ತದೆ, ಅಷ್ಟೇ ಹೊಸದನ್ನು ಮಷೀನ್ ಒಳಗೆ ಕೊಡುತ್ತದೆ. ಎರಡು ಗಾಜಿನ ಕೊಳವೆಗಳಲ್ಲಿ ಒಂದರಲ್ಲಿ ಕಪ್ಪು, ಒಂದರಲ್ಲಿ ಕೆಂಪು ಹರಿಯುವುದು ಕಾಣುತ್ತದೆ. ಎರಡರ ಬಣ್ಣ ಒಂದೇ ಆಗುವವರೆಗೆ ನಡೆಸುತ್ತಾರೆ. ಇದರಲ್ಲಿ ಹೆಚ್ಚುಕಡಿಮೆ ಎಲ್ಲ ಆಯಿಲೂ ಬದಲಾಗುತ್ತದೆ ಎಂಬುದು ನಿಜ. ಆದರೆ 7 ಲೀಟರ್ ಚಿಲ್ಲರೆ ಹಿಡಿಯುವ ಗೇರ್‌ಬಾಕ್ಸಿಗೆ 10 ಲೀಟರ್ ದಾಟಿ ಆಯಿಲ್ ಬೇಕು. ಹ್ಯುಂಡೈಗೆ ಎಸ್‌ಪಿ-4 ಆಯಿಲೇ ಆಗಬೇಕು. ಮಷೀನಿಗೆ ಡ್ರಮ್ಮಿನಿಂದ ‘ಎಲ್ಲಾ ಗಾಡಿಗೂ ಆಗುತ್ತೆ’ ಎನ್ನುವ ಆಯಿಲ್ ಸುರಿಯುವವರೂ ಇದ್ದಾರೆ. ಅದಕ್ಕೇ ನನ್ನ ತಮ್ಮ, ಸೀಲ್ ಇರುವ ಡಬ್ಬಗಳನ್ನು ತಾನೇ ಕೊಂಡು ಕೊಟ್ಟು, ಎದುರಿಗೆ ನಿಂತು ಒಡೆಸಿದ. ಫಲ ಚೆನ್ನಾಗಿಯೇ ಬಂತು, ಗೇರುಗಳು ಮೊದಲಿಗಿಂತ ಮೆತ್ತಗಾದವು.

ಹಾಗಿದ್ದರೂ ಮಷೀನನ್ನು ಕಣ್ಣುಮುಚ್ಚಿ ಹೇಳಲಾರೆ. ಕ್ರೆಟಾ ಗೇರ್‌ಬಾಕ್ಸಿಗೆ ಕೆಳಗೆ ಬಿಚ್ಚುವ ಪ್ಯಾನ್ ಇಲ್ಲ, ಆದ್ದರಿಂದ ಅಲ್ಲಿ ಪೈಪೋಟಿ ಇರುವುದು ಇಳಿಸಿ ತುಂಬಿಸುವುದಕ್ಕೂ ಮಷೀನಿಗೂ ಮಾತ್ರ. ರ‍್ಯಾಪಿಡ್‌ನಲ್ಲಿ ಕೂಲರ್ ಗೇರ್‌ಬಾಕ್ಸಿನ ಮೇಲೇ ಕೂತಿದೆ. ಅದಕ್ಕೆ ಬರುವುದು ಕೂಲಂಟ್ ಪೈಪು, ಆಯಿಲ್ ಪೈಪಲ್ಲ. ಮಷೀನ್ ಜೋಡಿಸಲು ಬೇರೆ ಅಡಾಪ್ಟರ್ ಬೇಕು, ಅದು ಇಲ್ಲದ ಕಡೆ ಒಪ್ಪಲೇಬೇಡಿ. ಕ್ಲೀನಿಂಗ್ ಕೆಮಿಕಲ್ ಹಾಕಿ ಒತ್ತಡದಲ್ಲಿ ತೊಳೆಯುತ್ತೇವೆ ಎಂದರೆ ಅದನ್ನೂ ಬೇಡ ಎನ್ನಿ. ತಳದಲ್ಲಿ ಸುಮ್ನೆ ಕೂತಿದ್ದ ಕೆಸರು ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡರೆ ಬಿಲ್ಲು ಲಕ್ಷದ ಮಾತಾಗುತ್ತದೆ.

ಈಗ ಲೆವೆಲ್ಲಿನ ವಿಷಯ. ಈ ಎರಡು ಗಾಡಿಗಳಲ್ಲೂ ಎಂಜಿನ್ ಆಯಿಲಿಗೆ ಇರುವಂಥ ಡಿಪ್‌ಸ್ಟಿಕ್ ಗೇರ್‌ಬಾಕ್ಸಿಗೆ ಇಲ್ಲ. ರ‍್ಯಾಪಿಡ್‌ನಲ್ಲಿ ಡ್ರೈನ್ ಪ್ಲಗ್ಗಿನ ಒಳಗೇ ಒಂದು ಪ್ಲಾಸ್ಟಿಕ್ ಕೊಳವೆ ನಿಂತಿರುತ್ತದೆ. ಗಾಡಿ ಸಮತಟ್ಟಾಗಿ ಎತ್ತಿರಬೇಕು, ಎಂಜಿನ್ ಓಡುತ್ತಿರಬೇಕು, ಆಯಿಲ್ 35ರಿಂದ 45 ಡಿಗ್ರಿ ಇರಬೇಕು. ಆಗ ಆ ಕೊಳವೆಯಿಂದ ತೊಟ್ಟು ತೊಟ್ಟಾಗಿ ಬಂದರೆ ಲೆವೆಲ್ ಸರಿ. ಕ್ರೆಟಾಗೆ ಪ್ರತ್ಯೇಕ ಚೆಕ್ ಪ್ಲಗ್, 50ರಿಂದ 60 ಡಿಗ್ರಿ. ಆಯಿಲ್ ಬಿಸಿಯಾದಷ್ಟೂ ಹಿಗ್ಗುತ್ತದೆ. 70 ಡಿಗ್ರಿಯಲ್ಲಿ ನೋಡಿದರೆ ಬೇಕಾದ ಆಯಿಲೂ ಹರಿದು ಹೋಗಿ ಒಳಗೆ ಕಡಿಮೆಯಾಗುತ್ತದೆ. ತೀರಾ ತಣ್ಣಗಿರುವಾಗ ನೋಡಿದರೆ ಜಾಸ್ತಿ ಉಳಿಯುತ್ತದೆ.

ಮೊದಲ ಸಲ ಇಳಿಸಿ ತುಂಬಿಸಿದ ಗ್ಯಾರೇಜಿನವರು ಓಡಿಸಿಕೊಂಡು ಬಂದ ಗಾಡಿಯನ್ನು ಹಾಗೇ ಎತ್ತಿ, ಆಯಿಲ್ ಎಷ್ಟು ಬಿಸಿಯಿದೆ ಎಂದು ಸ್ಕ್ಯಾನರ್ ಹಾಕಿ ನೋಡದೆ ಲೆವೆಲ್ ನೋಡಿ ಕಳಿಸಿದ್ದರು. ಬೆಳಗ್ಗೆ ರಿವರ್ಸ್‌ಗೆ ಹಾಕಿದರೆ ಒಂದು ಗಳಿಗೆ ತಡೆದು ಹಿಡಿಯುತ್ತಿತ್ತು. ಬೇರೆ ಕಡೆ ಸ್ಕ್ಯಾನರ್ ಹಾಕಿ ನೋಡಿದಾಗ ಅರ್ಧ ಲೀಟರ್ ಹತ್ತಿರ ಹಿಡಿಯಿತು, ತಡ ಮಾಯವಾಯಿತು. ಆಯಿಲ್ ಒಳ್ಳೆಯದೇ, ಕೆಲಸವೂ ಸರಿ, ಉಷ್ಣಾಂಶ ಮಾತ್ರ ತಪ್ಪು.

ಅದಕ್ಕೇ ಈಗ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬರುತ್ತೇನೆ, ಬೆಳಗ್ಗೆ ಮೊದಲ ಕೆಲಸ ನನ್ನದೇ ಆಗಬೇಕು ಎಂದು ಹೇಳಿಯೇ ಬರುತ್ತೇನೆ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಇದನ್ನು ಇನ್ನೂ ಗಮನಿಸಬೇಕು. ಅಲ್ಲಿ ಮಧ್ಯಾಹ್ನದ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಎಂಜಿನ್ ಶುರು ಮಾಡುವಷ್ಟರಲ್ಲಿ 45ರ ಗೆರೆ ದಾಟಿಹೋಗುತ್ತದೆ.

ನಿಮ್ಮದು ಲಕ್ಷ ಕಿಲೋಮೀಟರ್ ದಾಟಿ ಒಮ್ಮೆಯೂ ಆಯಿಲ್ ಬದಲಿಸದ ಗಾಡಿಯಾದರೆ ಮಷೀನ್ ಬೇಡ. ಪ್ಯಾನ್ ಇದ್ದರೆ ಬಿಚ್ಚಿಸಿ ಕೆಸರು ನೋಡಿ, ಕೆಲವು ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬಿಸಿ. ‘ಬದಲಿಸಿದ ಮೇಲೇ ಗೇರ್‌ಬಾಕ್ಸ್ ಹೋಯ್ತು’ ಎಂದು ಹೇಳುವವರ ಗಾಡಿಗಳಲ್ಲಿ ಬಹಳಷ್ಟು ಸಲ ಕ್ಲಚ್ಚುಗಳು ಮೊದಲೇ ಸವೆದಿರುತ್ತವೆ. ಗೇರ್ ಆಗಲೇ ಸ್ಲಿಪ್ ಆಗುತ್ತಿದ್ದರೆ ಆಯಿಲಿಗೆ ಹಣ ಹಾಕುವ ಮೊದಲು ಒಳ್ಳೆಯ ಗೇರ್‌ಬಾಕ್ಸ್ ಮೆಕ್ಯಾನಿಕ್ಕಿಗೆ ತೋರಿಸಿ.

ಇಷ್ಟೂ ಮಾತು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿಗೆ ಮಾತ್ರ. ಗೇರುಗಳ ಬದಲು ಬೆಲ್ಟಿನಲ್ಲಿ ನಡೆಯುವ ಸಿವಿಟಿಗೆ ಅದರದೇ ಆಯಿಲ್ ಬೇಕು, ಎಟಿಎಫ್ (ಇಲ್ಲಿ ಹೇಳಿದಂಥ ಆಟೋಮ್ಯಾಟಿಕ್ ಆಯಿಲ್) ಹಾಕಿದರೆ ಬೆಲ್ಟು ಹಾಳಾಗುತ್ತದೆ. ಎಎಂಟಿ ಎಂದರೆ ಕ್ಲಚ್ಚು, ಗೇರುಗಳನ್ನು ಗಾಡಿಯೇ ಹಾಕಿಕೊಳ್ಳುವ ಮ್ಯಾನುಯಲ್ ಗೇರ್‌ಬಾಕ್ಸೇ, ಅದರ ಆಯಿಲೂ ಬೇರೆ. ಸ್ಲೇವಿಯಾ, ವರ್ಟಸ್, ಕುಶಾಕ್, ಟೈಗುನ್‌ಗಳ 1.0 ಲೀಟರ್ ಆಟೋಮ್ಯಾಟಿಕ್‌ನಲ್ಲೂ ಐಸಿನ್‌ನ ಆರು ಸ್ಪೀಡಿನ ಪೆಟ್ಟಿಗೆಯೇ ಮೊದಲಿಗೆ ಬಂದಿತ್ತು. ಆದರೆ ನನ್ನ ಹಳೇ ರ‍್ಯಾಪಿಡ್‌ನ ಆಯಿಲ್ ನಂಬರನ್ನೇ ನೋಡಿ ಕೊಳ್ಳಬೇಡಿ. ನಿಮ್ಮ ಗಾಡಿಯ ಚಾಸಿಸ್ ನಂಬರ್ ಕೊಟ್ಟು, ಪಾರ್ಟ್ಸ್ ಕೌಂಟರಿನಲ್ಲಿ ಆಯಿಲ್, ಫಿಲ್ಟರ್, ಗ್ಯಾಸ್ಕೆಟ್ ಮೂರರ ನಂಬರನ್ನೂ ಬರೆಸಿಕೊಂಡು ಬನ್ನಿ.