ಟ್ರಸ್ಟಿನವರು ‘ಗೌರವ ಖಜಾಂಚಿ ಆಗಿ’ ಅಂದರೆ ಒಂದು ನಿಮಿಷ ನಿಲ್ಲಿ

ಮಂಡ್ಯದವರೇ, ಅದರಲ್ಲೂ ರಿಟೈರ್ ಆಗಿ ಮನೆಯಲ್ಲಿ ಕೂತಿರುವ ಮೇಷ್ಟ್ರುಗಳೇ, ಬ್ಯಾಂಕಿನವರೇ, ದಯವಿಟ್ಟು ಇದನ್ನು ಓದಿ. ಬರೆಯೋದಕ್ಕೆ ನಾಚಿಕೆ ಆಗುತ್ತಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಗರ ಕಿವಿ ಹಿಂಡುತ್ತಿದ್ದೆ. ಈಗ ನನ್ನ ಕಿವಿ ಹಿಂಡೋರು ಯಾರು?

2023ರ ಜೂನ್. ಸರ್ ಎಂ.ವಿ. ಕ್ರೀಡಾಂಗಣದಲ್ಲಿ ವಾಕಿಂಗ್ ಮುಗಿಸಿ ಹೊರಗೆ ಕಾಫಿ ಕುಡಿಯುತ್ತಿದ್ದೆ. ಬಿಳಿ ಶರಟಿನವರೊಬ್ಬರು ಬಂದು ಕಾಲು ಮುಟ್ಟಿದರು. ಹಳ್ಳಿ ಮಕ್ಕಳಿಗೆ ನೋಟ್‌ಬುಕ್ಕು, ಪಿಯುಸಿ ಫೀಸು ಕೊಡುವ ಟ್ರಸ್ಟಿನ ಅಧ್ಯಕ್ಷರಂತೆ. “ಶಂಕರಗೌಡರು ಕಾಲೇಜು ಕಟ್ಟಿದ ಊರು ಮೇಷ್ಟ್ರೇ ಇದು. ನಿಮ್ಮಂಥೋರು ನಮ್ ಜೊತೆ ನಿಂತ್ರೆ ಸಾಕು, ದುಡ್ಡು ತಾನಾಗೇ ಬತ್ತದೆ” ಅಂದರು. ಕೆ.ವಿ. ಶಂಕರಗೌಡರು 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದ್ದು ನಿಜ. ಆ ಹೆಸರು ಕೇಳಿದರೆ ಮಂಡ್ಯದವರ ಕೈ ಜೇಬಿಗೆ ಹೋಗುತ್ತೆ, ಅದೂ ನಿಜ. ಈ ಅಧ್ಯಕ್ಷರಿಗೆ ಅದು ಚೆನ್ನಾಗಿ ಗೊತ್ತಿತ್ತು. ದುಡ್ಡು ತಾನಾಗೇ ಬರುತ್ತೆ ಅನ್ನೋ ಮಾತು ನನ್ನ ಕಿವಿಗೇ ಬೀಳಲಿಲ್ಲ. ‘ನಿಮ್ಮಂಥೋರು’ ಅಂದಿದ್ದೊಂದೇ ಬಿತ್ತು.

ಒಂದು ವಾರಕ್ಕೆ ಗೌರವ ಖಜಾಂಚಿ ಆದೆ. ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯಿತು. ಲೆಟರ್‌ಹೆಡ್ಡಿನಲ್ಲಿ ಹೆಸರು ಬಂತು. “ಖಜಾಂಚಿ ಸರಿ, ಖಜಾನೆ ಎಲ್ಲಿ?” ಅಂತ ನನ್ನ ಹೆಂಡತಿ ಕೇಳಿದಳು. ನಕ್ಕುಬಿಟ್ಟೆ. ಆಮೇಲೆ ಒಂದು ಸಲ ಅಧ್ಯಕ್ಷರ ಹತ್ತಿರ ಚೆಕ್‌ಬುಕ್ಕು, ಪಾಸ್‌ಬುಕ್ಕು ಕೇಳಿದೆ. “ಆಡಿಟರ್ ಹತ್ರ ಅವೆ ಮೇಷ್ಟ್ರೇ, ನಿಮಗ್ಯಾಕೆ ಆ ತಲೆನೋವು” ಅಂದರು. ನನಗೂ ಹಾಯ್ ಅನ್ನಿಸಿತು. ಅಲ್ಲೇ ತಪ್ಪಿದ್ದು ನಾನು.

ನನ್ನ ಕೈಗೆ ಬಂದಿದ್ದು ಒಂದು ರಸೀತಿ ಪುಸ್ತಕ, ನಂಬರ್ 101ರಿಂದ 200. ಮಾರ್ಚ್ ಒಳಗೆ 163ರವರೆಗೆ ಹರಿದೆ. ಒಟ್ಟು 1,43,500 ರೂಪಾಯಿ. ಬೆಂಗಳೂರಿನಲ್ಲಿರುವ ಹಳೇ ಸ್ಟೂಡೆಂಟ್ 25,000 ಹಾಕಿದ. ಅಕ್ಕಿ ಮಿಲ್ಲಿನವರು 10,000 ಕ್ಯಾಶ್ ಕೊಟ್ಟರು. ನಮ್ಮ ಸ್ಕೂಲಿನ ಹಳೇ ಅಟೆಂಡರ್ ಪಿಂಚಣಿ ಬಂದ ದಿನವೇ ಐನೂರು ತಂದು, “ನೀವು ಕೇಳ್ತಿದೀರಲ್ಲ ಸಾ” ಅಂತ ಕೈಗಿಟ್ಟ. ಕೇಳಿದ್ದು ನಾನು. ನಾನೇ ಕೇಳಿದ್ದು. ಅದೇ ಈಗ ರಾತ್ರಿ ನಿದ್ದೆ ಕೆಡಿಸುತ್ತಿರೋದು.

ನೋಟ್‌ಬುಕ್ ಹಂಚಿದ್ದು ಒಂದೇ ಒಂದು ಸಲ, ನಲವತ್ತು ಮಕ್ಕಳಿಗೆ. ಒಂದು ನೋಟ್‌ಬುಕ್ಕನ್ನು ಆರು ಜನ ಹಿಡಿದುಕೊಂಡು ಫೋಟೊಗೆ ನಿಂತಿದ್ದೆವು. ನೋಟ್‌ಬುಕ್ ತಗೊಂಡ ಹುಡುಗಿಯ ಮುಖವೇ ಕಾಣಿಸಲ್ಲ ಅದರಲ್ಲಿ. ನನ್ನ ಪೇಟ ಮಾತ್ರ ಚೆನ್ನಾಗಿ ಬಂದಿದೆ.

2024ರ ಜೂನಿನಲ್ಲಿ ಬೆಂಗಳೂರಿನ ಹುಡುಗ ಫೋನ್ ಮಾಡಿದ. “ಸಾರ್, ರಿಟರ್ನ್ ಹಾಕಬೇಕು, 10ಬಿಇ ಕಳಿಸಿ.” ಅದೇನು ಅಂತಲೇ ನನಗೆ ಗೊತ್ತಿರಲಿಲ್ಲ. ಯಾರು ಎಷ್ಟು ಕೊಟ್ಟರು ಅಂತ ಟ್ರಸ್ಟಿನವರು ಮೇ 31ರೊಳಗೆ ಇನ್‌ಕಮ್ ಟ್ಯಾಕ್ಸಿನವರಿಗೆ 10ಬಿಡಿ ಅನ್ನೋ ಫಾರಂ ಸಲ್ಲಿಸಬೇಕಿತ್ತಂತೆ. ಆಮೇಲೆ ದಾನ ಕೊಟ್ಟವರಿಗೆ ಸಿಗುವ ಸರ್ಟಿಫಿಕೇಟೇ 10ಬಿಇ. ಅದಿಲ್ಲದೆ ಬರೀ ರಸೀತಿ ಇಟ್ಟುಕೊಂಡು ಪ್ರಯೋಜನ ಇಲ್ಲ. ನಮ್ಮ ರಸೀತಿಯಲ್ಲಿ ‘80ಜಿ ವಿನಾಯಿತಿ ಇದೆ’ ಅಂತ, ಅಂದರೆ ದಾನ ಕೊಟ್ಟ ದುಡ್ಡಿಗೆ ಇನ್‌ಕಮ್ ಟ್ಯಾಕ್ಸಿನಲ್ಲಿ ರಿಯಾಯಿತಿ ಸಿಗುತ್ತೆ ಅಂತ, ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದರ ರಿಜಿಸ್ಟ್ರೇಷನ್ ನಂಬರ್ ಮಾತ್ರ ಇರಲಿಲ್ಲ. ಹುಡುಗ ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಿನಲ್ಲಿ ಹುಡುಕಿದ. ಟ್ರಸ್ಟಿನ ಹೆಸರೇ ಇಲ್ಲ. ಹಳೇ 80ಜಿ ರಿಜಿಸ್ಟ್ರೇಷನ್ ಇದ್ದವರೂ 2021ರಿಂದ ಹೊಸದಾಗಿ ಮಾಡಿಸಬೇಕಿತ್ತು, ಅದೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಅಂತ ಅವನೇ ಹೇಳಿದ. ಮಿಲ್ಲಿನವರದ್ದಂತೂ ಕ್ಯಾಶು. ಎರಡು ಸಾವಿರ ದಾಟಿದ ಕ್ಯಾಶಿಗೆ 80ಜಿ ಇದ್ದರೂ ವಿನಾಯಿತಿ ಇಲ್ಲವಂತೆ. ಆದರೂ ನಮ್ಮ ಅಧ್ಯಕ್ಷರದ್ದು ಯಾವಾಗಲೂ ಒಂದೇ ಮಾತು: “ಕ್ಯಾಶಾದ್ರೆ ಒಳ್ಳೇದು ಮೇಷ್ಟ್ರೇ.”

ಇಷ್ಟಾದರೂ ‘ಆಫೀಸ್ ಕೆಲಸ, ಲೇಟ್ ಆಗಿರಬಹುದು’ ಅಂದುಕೊಂಡೆ. ನನ್ನ ಪೆದ್ದುತನ ನೋಡಿ.

ಅದೇ ವಾರ ಆರ್.ಪಿ. ರಸ್ತೆಯಲ್ಲಿ ಪರಿಚಯದ ಅಂಗಡಿಯವರು ಕರೆದು, “ನಿಮ್ಮ ಟ್ರಸ್ಟಿಗೆ ನಾವೂ ಕೊಟ್ಟಿದೀವಿ ಮೇಷ್ಟ್ರೇ” ಅಂತ ಖುಷಿಯಿಂದ ರಸೀತಿ ತೋರಿಸಿದರು. ನಂಬರ್ 134. ಮನೆಗೆ ಬಂದು ನನ್ನ ಪುಸ್ತಕದ ಅರ್ಧ ಚೀಟಿ ತೆಗೆದು ನೋಡಿದೆ. 134ನೇ ನಂಬರ್ ನಮ್ಮ ಅಟೆಂಡರದ್ದು. ಅದೇ ನಂಬರ್, ಅದೇ ಅಚ್ಚು, ಇನ್ನೊಂದು ಪುಸ್ತಕ. ಅಂಗಡಿಯವರ ರಸೀತಿ ಕೆಳಗೆ ಖಜಾಂಚಿ ಅನ್ನೋ ಜಾಗದಲ್ಲಿ ನನ್ನ ಹೆಸರು, ಯಾರೋ ಗೀಚಿದ ಸಹಿ. ಚೀಟಿ ಹಿಡಿದುಕೊಂಡ ಕೈ ನಡುಗುತ್ತಿತ್ತು. ನಂಬರ್ ನೋಡಿಯೇ ಬದುಕಿದವನು ನಾನು, ಒಂದೇ ನಂಬರಿನ ಎರಡು ಪುಸ್ತಕ ಊರಲ್ಲಿ ಓಡಾಡುತ್ತಿದ್ದುದು ನನಗೇ ಗೊತ್ತಾಗಲಿಲ್ಲ.

ನೆಟ್ಟಗೆ ಅಧ್ಯಕ್ಷರ ಮನೆಗೆ ಹೋದೆ. ಅವರು ಮಜ್ಜಿಗೆ ಕೊಟ್ಟರು.

“ಪ್ರೆಸ್ಸಿನವರು ಮಾಡಿರೋ ಎಡವಟ್ಟು ಮೇಷ್ಟ್ರೇ.”

ಲೆಕ್ಕ ತೋರಿಸಿ ಅಂದೆ. “ಸೇವೆ ಮಾಡೋ ಕಡೆ ಲೆಕ್ಕ ಕೇಳಿದ್ರೆ ಮನಸ್ಸಿಗೆ ನೋವಾಗ್ತದೆ” ಅಂದರು. ಯಾರ ಮನಸ್ಸಿಗೆ ಅಂತ ಹೇಳಲಿಲ್ಲ. ಆಮೇಲೆ “ನಮ್ದು ರಿಜಿಸ್ಟರ್ ಆಗಿರೋ ಟ್ರಸ್ಟು, ಬೇಕಾದ್ರೆ ನೋಡಿ” ಅಂತ ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಕಟ್ಟಿದ ಪತ್ರ, ಇದ್ದ ಫೈಲ್ ತಂದು ಟೀಪಾಯ್ ಮೇಲೆ ಹಾಕಿದರು. ನೋಡಲ್ಲ ಅಂದುಕೊಂಡಿದ್ದರೋ ಏನೋ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಟ್ರಸ್ಟಿಗಳು ಮೂರೇ ಜನ: ಅವರು, ಅವರ ಹೆಂಡತಿ, ಹೆಂಡತಿಯ ತಮ್ಮ.

“ನನ್ನ ಹೆಸರೆಲ್ಲಿ?”

“ನೀವು ಗೌರವ ಅಲ್ವಾ ಮೇಷ್ಟ್ರೇ. ಗೌರವ ಎಲ್ಲಾ ಡೀಡ್ ಒಳಗೆ ಬರಲ್ಲ.”

“ಹಾಗಾದರೆ ರಸೀತಿಗೆ ನನ್ನ ಸಹಿ ಯಾಕೆ ಬೇಕಿತ್ತು?”

ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ, ತಿರುಗಿ ಕೂಡ ನೋಡದೆ ಅಂದರು: “ಅದನ್ನ ನೀವೇ ಹೇಳಬೇಕು. ಸಹಿ ನಿಮ್ದೇ ಅಲ್ವಾ?”

ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ಸಹಿ ನಿಮ್ದೇ ಅಲ್ವಾ. ಹೌದು, ಅರವತ್ತಮೂರು ಸಲ ನನ್ನದೇ. ಆಮೇಲೆ ನನ್ನ ಫೋನ್ ಎತ್ತಲಿಲ್ಲ. ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿ, ‘ಮೇಷ್ಟ್ರು ಅನಾರೋಗ್ಯದ ಕಾರಣ ರಾಜೀನಾಮೆ ನೀಡಿದ್ದಾರೆ’ ಅಂತ ಹಾಕಿದರಂತೆ. ನಾನು ಗಟ್ಟಿಮುಟ್ಟಾಗಿದ್ದೀನಿ.

ಯಾರಾದರೂ ಹೀಗೆ ಶಾಲು ಹಿಡಿದುಕೊಂಡು ಬಂದರೆ, ಹೊದೆಸಿಕೊಳ್ಳೋ ಮೊದಲು ಟ್ರಸ್ಟ್ ಡೀಡ್ ಕೇಳಿ ಓದಿ. ಬ್ಯಾಂಕ್ ಖಾತೆಯಲ್ಲಿ ನಿಮ್ಮ ಸಹಿ ನಡೆಯಲ್ಲ ಅಂದರೆ ರಸೀತಿಗೂ ಸಹಿ ಹಾಕಬೇಡಿ. ದುಡ್ಡು ಕೊಡೋರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ನೋಡಿ. ನಮ್ಮದರಲ್ಲಿ ಬರುತ್ತಿದ್ದುದು ಅಧ್ಯಕ್ಷರ ಬಾಮೈದನ ಹೆಸರು, ಬೇಕಾದಷ್ಟು ಜನ ನೋಡಿಯೂ “ಮೇಷ್ಟ್ರು ಇದಾರಲ್ಲ” ಅಂತ ಒತ್ತಿದರಂತೆ. ಮೇಷ್ಟ್ರು ಇದ್ದರು, ಪೇಟ ಹಾಕಿಕೊಂಡು. ಟ್ಯಾಕ್ಸ್ ವಿನಾಯಿತಿ ಇದೆ ಅಂದರೆ ನಂಬರ್ ಕೇಳಿ, ಸೈಟಿನಲ್ಲಿ ಹುಡುಕಿ. ಕಾಲು ಮುಟ್ಟಿದರು ಅಂತ ಕರಗಬೇಡಿ.

ಪೊಲೀಸರಿಗೆ ಬರೆದು ಕೊಟ್ಟಿದ್ದೀನಿ. ನನ್ನ ಪಿಂಚಣಿಯಿಂದ ಇಲ್ಲಿವರೆಗೆ ಹದಿನಾಲ್ಕು ಜನರಿಗೆ ವಾಪಸ್ ಕೊಟ್ಟೆ, ನಲವತ್ತೊಂಬತ್ತು ಬಾಕಿ. ಅಟೆಂಡರ್ ಮಾತ್ರ ತಗೊಳ್ಳಲಿಲ್ಲ. ಮಗಳ ಮದುವೆ ಪತ್ರಿಕೆ ಕೊಡೋಕೆ ಬಂದಾಗ ಐನೂರನ್ನು ಅವನ ಬ್ಯಾಗಿಗೆ ತುರುಕಿದೆ. ಅವನು ಹೋದ ಮೇಲೆ ನೋಡಿದರೆ ನೋಟು ಚಪ್ಪಲಿ ಸ್ಟ್ಯಾಂಡಿನ ಮೇಲಿತ್ತು.