ನಾಲ್ಕು ಚಾಟ್ನಿ ಕಂಡ ಬ್ಲೋವರ್: ಸಾವಯವ ದ್ರಾಕ್ಷಿ ಪಡದಲ್ಲಿ ನನ್ನ ಅನುಭವ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ಐದು ಎಕರೆ ಥಾಮ್ಸನ್ ತಳಿಯ ದ್ರಾಕ್ಷಿ ಪಡಕ್ಕೆ (ತೋಟಕ್ಕೆ) ಟ್ರ್ಯಾಕ್ಟರ್ ಹಿಂದೆ ಎಳೆಯುವ, ಫ್ಯಾನಿನ ಗಾಳಿಯಿಂದ ಔಷಧ ಸಿಂಪಡಿಸುವ 600 ಲೀಟರಿನ ಬ್ಲೋವರ್ ತಂದು ನಾಲ್ಕು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದವು. ಮೂರು ಲಕ್ಷದ ಮೇಲೆ ಬಿತ್ತು. ಪಡ ಸಾವಯವ, ಬೆಳೆಯೆಲ್ಲ ಒಣದ್ರಾಕ್ಷಿಗೆ. ಈಗ ಯಾರು ಕೇಳಿದರೂ ತಗೊಳ್ಳಿ ಅಂತೀನಿ. ಮೊದಲ ವರ್ಷ ಕೇಳಿದ್ದರೆ ಬೇಡ ಅಂತಿದ್ದೆ.

ಸಾವಯವದಲ್ಲಿ ನಮ್ಮ ಕೈಲಿರುವುದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣ, ಗಂಧಕ, ಬೇವಿನೆಣ್ಣೆ, ಟ್ರೈಕೋಡರ್ಮಾದಂಥ ಜೀವಾಣುಗಳು. ಎಲೆಯೊಳಗೆ ಇಳಿದು, ಹತ್ತಿದ ರೋಗವನ್ನು ಹಿಡಿದು ನಿಲ್ಲಿಸುವ ಔಷಧ ನಮಗಿಲ್ಲ. ದಾವಣಿ (ಡೌನಿ) ಎಂಬ ಬೂಷ್ಟು ರೋಗ ಎಲೆಯ ತಳಭಾಗದ ಸಣ್ಣ ರಂಧ್ರಗಳಿಂದ ಒಳಗೆ ಹೋಗುತ್ತದೆ. ಅದು ಹೋಗುವ ಮೊದಲೇ ತಾಮ್ರ ಅಲ್ಲಿ ಕೂತಿರಬೇಕು. ಮೇಲೆ ಎಣ್ಣೆಹನಿಯಂಥ ಹಳದಿ ಕಲೆ ಕಂಡಾಗ ರೋಗ ಒಳಗೆ ಇಳಿದೇ ಇರುತ್ತದೆ, ತೇವದ ರಾತ್ರಿ ಸಿಕ್ಕರೆ ತಳದಲ್ಲಿ ಬಿಳಿ ಬೂಷ್ಟು ಬರುತ್ತದೆ, ಆಗ ಎಷ್ಟು ಬೋರ್ಡೊ ಸುರಿದರೂ ಆ ಎಲೆ ಉಳಿಯುವುದಿಲ್ಲ. ಅದಕ್ಕೇ ನಮ್ಮಂಥವರಿಗೆ ಯಾವ ಔಷಧ ಹೊಡೆದೆವು ಅನ್ನುವಷ್ಟೇ ಮುಖ್ಯ, ಅದು ಎಲ್ಲಿ ಹೋಗಿ ಕೂತಿತು ಅನ್ನುವುದು.

ಮೊದಲ ವರ್ಷ ಅದೇ ಆಗಲಿಲ್ಲ. ಮಷಿನ್ ಮಂಜಿನಂತೆ ಹೊಡೆಯುತ್ತಿತ್ತು, ನೋಡಲು ಚಂದ. ನವೆಂಬರಿನಲ್ಲಿ ನಾಲ್ಕು ದಿನ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿಯಿತು. ನಡುವಿನ ಸಾಲುಗಳಲ್ಲಿ ಹೂವಿಗೆ ಬಂದಿದ್ದ ಗೊನೆಗಳು ಕಂದಿ ಉದುರಿದವು. ಮೊದಲು ಪೈಪಿನ ತುದಿಯ ಸ್ಪ್ರೇ ಗನ್ ಕೈಯಲ್ಲಿ ಹಿಡಿದು ಹೊಡೆಯುತ್ತಿದ್ದಾಗಲೂ ಅಷ್ಟು ಹಾನಿ ಕಂಡಿರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಣ್ಣು ತೆರೆಸಿದ್ದು ನೀರು ತಾಗಿದಲ್ಲಿ ನೀಲಿಯಾಗುವ ಹಳದಿ ಕಾಗದ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಎಲೆಗಳ ತಳಕ್ಕೆ, ಗೊನೆಯ ಪಕ್ಕದಲ್ಲಿ, ಚಪ್ಪರದ ನೆತ್ತಿಯಲ್ಲಿ ಸಿಕ್ಕಿಸಿ ಬರೀ ನೀರು ಹೊಡೆದೆ. ಹೊರಗಿನ ಕಾಗದ ಪೂರ್ತಿ ನೀಲಿಯಾಗಿ ತೊಟ್ಟಿಕ್ಕುತ್ತಿತ್ತು. ಗೊನೆಯ ಹತ್ತಿರ, ಎಲೆಯ ತಳದಲ್ಲಿ ಸಿಕ್ಕಿಸಿದ್ದು ಹಳದಿಯಾಗಿಯೇ ಉಳಿದಿತ್ತು, ಆರೇಳು ಚುಕ್ಕಿ ಅಷ್ಟೇ. ತಪ್ಪು ನನ್ನದೇ. ಡೀಸೆಲ್ ಉಳಿಸಲು ಎಂಜಿನ್ ಇಳಿಸಿದ್ದರಿಂದ ಬ್ಲೋವರ್ ತಿರುಗಿಸುವ ಟ್ರ್ಯಾಕ್ಟರಿನ ಹಿಂದಿನ ಶಾಫ್ಟು (ಪಿಟಿಒ) ನಿಮಿಷಕ್ಕೆ 540 ಸುತ್ತು ಮುಟ್ಟುತ್ತಿರಲಿಲ್ಲ. ಫ್ಯಾನಿನ ಗಾಳಿಗೆ ಎಲೆ ಮಗುಚುತ್ತಲೇ ಇರಲಿಲ್ಲ. ಮೇಲಾಗಿ ಗಂಟೆಗೆ ಆರು ಕಿಲೋಮೀಟರ್ ಓಡಿಸುತ್ತಿದ್ದೆ. ವೇಗ ನಾಲ್ಕಕ್ಕೆ ಇಳಿಸಿ, 540 ಹಿಡಿದು, ನೆಲಕ್ಕೆ ಹೊಡೆಯುತ್ತಿದ್ದ ಕೆಳಗಿನ ನಾಝಲ್‌ಗಳ ಮುಖ ತಿರುಗಿಸಿದ ಮೇಲೆ ಒಳಗಿನ ಕಾಗದದಲ್ಲೂ ಸಾಸಿವೆ ಚೆಲ್ಲಿದ ಹಾಗೆ ಒತ್ತೊತ್ತಾಗಿ ಚುಕ್ಕಿ ಮೂಡಿದವು. ಮರುವರ್ಷವೂ ಮಳೆ ಬಂತು, ದಾವಣಿ ಅಂಚಿನ ಕೆಲವು ಎಲೆಗಳನ್ನು ದಾಟಲಿಲ್ಲ.

ಗನ್‌ನಲ್ಲಿ ಎಕರೆಗೆ 450 ಲೀಟರ್ ಹೋಗುತ್ತಿತ್ತು, ಮೂರು ಆಳು, ಅರ್ಧ ದಿನ. ಈಗ 200 ಲೀಟರ್, ಇಪ್ಪತ್ತೈದು ನಿಮಿಷ. ನನಗೆ ಇದಕ್ಕಿಂತ ದೊಡ್ಡ ಲಾಭ ತಾಮ್ರದ್ದು. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅರ್ಧ ಪರ್ಸೆಂಟ್ ಬೋರ್ಡೊ ಗನ್‌ನಲ್ಲಿ ಹೊಡೆದರೆ ಹೆಕ್ಟೇರಿಗೆ ಒಂದು ಸಲಕ್ಕೆ ಹೆಚ್ಚುಕಡಿಮೆ 1.4 ಕಿಲೋ ತಾಮ್ರ ಬೀಳುತ್ತದೆ, ಬ್ಲೋವರಿನಲ್ಲಿ 600 ಗ್ರಾಂ ಚಿಲ್ಲರೆ. ಯುರೋಪಿನ ಮಿತಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ, ಅಂದರೆ ಸರಾಸರಿ ವರ್ಷಕ್ಕೆ ನಾಲ್ಕು. ಗನ್‌ನಲ್ಲಿ ಮೂರನೇ ಸಲಕ್ಕೇ ಅದು ದಾಟುತ್ತಿತ್ತು, ಈಗ ಆರು ಸಲ ಹೊಡೆಯಬಹುದು. ತಾಮ್ರ ಮಣ್ಣಿನಲ್ಲೇ ಉಳಿಯುವಂಥದ್ದು. ಎರೆಹುಳು ಮತ್ತೆ ಕಾಣಿಸಿಕೊಂಡಿರುವ ನೆಲಕ್ಕೆ ಅದನ್ನು ಸುರಿಯಲು ಮನಸ್ಸಾಗುವುದಿಲ್ಲ.

ಕೊರತೆಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಭಾರ. ಮಳೆ ನಿಂತ ತಕ್ಷಣ ಹೊಡೆಯಬೇಕು, ಆಗಲೇ ನಮ್ಮ ಎರೆ ಭೂಮಿ ಟ್ರ್ಯಾಕ್ಟರ್ ನುಂಗುತ್ತದೆ. ಒಮ್ಮೆ ತುಂಬಿದ ಟ್ಯಾಂಕ್ ಅಚ್ಚಿನವರೆಗೆ ಹೂತು, ಕಲಸಿದ ಬೋರ್ಡೊ ಅಷ್ಟೂ ಹಾಳಾಯಿತು. ಆಮೇಲೆ ಸಾಲಿನ ನಡುವಿನ ಹುಲ್ಲು ಕೀಳದೆ ಕತ್ತರಿಸಿ ಬಿಡುತ್ತೇನೆ, ಗಾಲಿಗೆ ಹಿಡಿತ ಸಿಗುತ್ತದೆ. ಟ್ಯಾಂಕ್ ಅರ್ಧವೇ ತುಂಬಿಸುತ್ತೇನೆ. ಹಳೆಯ ಗನ್ನೂ ಪೈಪೂ ಮಾರಿಲ್ಲ.

ಸುಣ್ಣ ನಾಝಲ್ ತಿನ್ನುತ್ತದೆ. ಬೋರ್ಡೊವನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿಯೇ ಹಾಕಿ. ಹನ್ನೆರಡು ನಾಝಲ್‌ಗಳಿಗೂ ಒಂದೊಂದು ನಿಮಿಷ ಬಕೆಟ್ ಹಿಡಿದು ಅಳೆಯಿರಿ. ಹೊಸದರಲ್ಲಿ 0.8 ಲೀಟರ್ ಬರುತ್ತಿತ್ತು, ಎರಡನೇ ವರ್ಷ ನಾಲ್ಕರಲ್ಲಿ 1.1 ಬಂತು. ಹತ್ತು ಪರ್ಸೆಂಟ್ ಹೆಚ್ಚಾದರೂ ಬದಲಾಯಿಸಬೇಕು. ನಾನೀಗ ಸೆರಾಮಿಕ್ ಹಾಕಿಸಿದ್ದೇನೆ. ತಾಮ್ರ ಹೊಡೆದ ಟ್ಯಾಂಕನ್ನು ಚೆನ್ನಾಗಿ ತೊಳೆಯದೆ ಟ್ರೈಕೋಡರ್ಮಾ ಹಾಕಿದರೆ ಜೀವಾಣುವೇ ಸಾಯಬಹುದು, ದುಡ್ಡು ನೀರಿಗೆ.

ಮಾರಿದವರ ಮೇಲೆ ನನಗೆ ಬೇಸರವಿದೆ. ಡೆಲಿವರಿ ದಿನ ಸ್ಟಾರ್ಟ್ ಮಾಡಿ ತೋರಿಸಿದ್ದು ಬಿಟ್ಟರೆ ವೇಗ, ಗಾಳಿ, ನಾಝಲ್ ಬಗ್ಗೆ ಒಂದು ಮಾತು ಹೇಳಲಿಲ್ಲ. ಮೂರನೇ ವರ್ಷ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹರಿದಾಗ ಹೊಸದು ಬರಲು ಹನ್ನೊಂದು ದಿನ ಹಿಡಿಯಿತು, ಅದೂ ನವೆಂಬರಿನಲ್ಲಿ. ಖರೀದಿಸುವ ದಿನವೇ ಒಂದು ಜೊತೆ ಡಯಾಫ್ರಮ್, ಆರು ನಾಝಲ್ ಹೆಚ್ಚಿಗೆ ಕೇಳಿ ತಗೊಳ್ಳಿ, ಹಳದಿ ಕಾಗದದ ಒಂದು ಪಾಕೀಟೂ ಇರಲಿ. ಡೆಲಿವರಿಗೆ ಬಂದವರನ್ನು ನಿಮ್ಮ ಪಡದೊಳಗೇ ಕರೆದೊಯ್ದು, ನೀರು ಹೊಡೆಸಿ, ಗೊನೆ ಪಕ್ಕದ ಕಾಗದ ನೀಲಿಯಾದ ಮೇಲೆ ಉಳಿದ ಹಣ ಕೊಡಿ.