ಬಿಡಿ ಚೀಟಿ, ನೋಟ್‌ಬುಕ್, ರೆಕಾರ್ಡರ್: ವಾರಕ್ಕೊಂದು ವಿಷಯ ಬರೆಯುವವರಿಗೆ ಯಾವುದು ಒದಗುತ್ತದೆ?

ಕಳೆದ ವರ್ಷ 6,500 ರೂಪಾಯಿ ಕೊಟ್ಟು ಕೊಂಡ ರೆಕಾರ್ಡರ್ ಈಗ ನನ್ನ ಮೇಜಿನ ಖಾನೆಯೊಳಗಿದೆ. ನೂರಕ್ಕೆ 90 ರೂಪಾಯಿಯಂತೆ ಶಿವರಾಂಪೇಟೆಯಲ್ಲಿ ತಂದ ಬಿಡಿ ಚೀಟಿಗಳು ಮೇಜಿನ ಮೇಲಿವೆ. ಮೈಸೂರಿನಲ್ಲಿದ್ದುಕೊಂಡು ಲೇಖನಗಳಿಂದಲೇ ಜೀವನ ಸಾಗಿಸುವ ನನಗೆ ಒಂದು ವಾರ ಬೀಟೆ ಮರದ ಕುಸುರಿ ಕೆಲಸ, ಮರುವಾರ ಮಂಡ್ಯದ ಆಲೆಮನೆ, ಅದರ ಮುಂದಿನ ವಾರ 120 ಎಲೆಗಳ ದಶಾವತಾರ ಗಂಜೀಫಾ ಎಂಬ ಹಳೆಯ ಇಸ್ಪೀಟಾಟ ಎದುರಾಗುತ್ತವೆ. ಇವುಗಳಲ್ಲಿ ಯಾವುದರಲ್ಲಿಯೂ ನನಗೆ ಪಾಂಡಿತ್ಯವಿಲ್ಲವಾದ್ದರಿಂದ ಬಲ್ಲವರಿಂದ ಕೇಳಿ ಬರೆದುಕೊಂಡ ಟಿಪ್ಪಣಿಯೇ ನನ್ನ ಬಂಡವಾಳ.

ರೆಕಾರ್ಡರನ್ನು ಮೊದಲು ಒಯ್ದದ್ದು ಪಾಂಡವಪುರದ ಕಡೆಯ ಒಂದು ಆಲೆಮನೆಗೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಹಾಕಿದರೆ ಅದರ ಹುಳಿ ಅಡಗಿ ಬೆಲ್ಲ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅಲ್ಲಿನ ಹಿರಿಯರು ಬಹಳ ತಾಳ್ಮೆಯಿಂದ ವಿವರಿಸಿದರು. ಮನೆಗೆ ಬಂದು ಕೇಳಿದರೆ ಗಾಣದ ಸದ್ದಿನಲ್ಲಿ ಅವರು ಹೇಳಿದ ಅಳತೆ ‘ಐವತ್ತು’ ಗ್ರಾಮೋ ‘ಎಂಬತ್ತು’ ಗ್ರಾಮೋ ತಿಳಿಯಲಿಲ್ಲ. ಹನ್ನೆರಡು ಸಲ ಕೇಳಿದೆ, ತಿಳಿಯಲಿಲ್ಲ. ಮಾತನ್ನು ಬರಹಕ್ಕಿಳಿಸುವ ಆ್ಯಪ್‌ಗೆ ಕೊಟ್ಟರೆ ‘ಕೊಪ್ಪರಿಗೆ’ ಇದ್ದಲ್ಲೆಲ್ಲ ‘ಕೊಬ್ಬರಿಗೆ’ ಎಂದು ಬಂತು.

ಕೊನೆಗೆ ಒಂದೇ ಒಂದು ಸಂಖ್ಯೆಗಾಗಿ ಮತ್ತೆ ಬಸ್ಸು ಹತ್ತಬೇಕಾಯಿತು. ಒಂದು ಗಂಟೆಯ ಮಾತನ್ನು ಕೇಳಿ ಬರೆಯಲು ನಾಲ್ಕು ಗಂಟೆ ಹಿಡಿದದ್ದನ್ನೂ, ಒಂದು ದಿನದ ದುಡಿಮೆ ಹೋದದ್ದನ್ನೂ ಲೆಕ್ಕ ಹಾಕಿದಾಗ ಆ ಲೇಖನದಿಂದ ನನಗೆ ಉಳಿದದ್ದು ಅತ್ಯಲ್ಪ. ಯಂತ್ರ ಕೇಳಿಸಿಕೊಳ್ಳುತ್ತಿದೆ ಎಂಬ ಧೈರ್ಯದಲ್ಲಿ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ನೋಯಿಸಿತು.

ನೋಟ್‌ಬುಕ್ಕಿನಲ್ಲಿ ಆ ತೊಂದರೆಯಿಲ್ಲ. ಆದರೆ ಅದರಲ್ಲಿ ಎಲ್ಲವೂ ತಾರೀಖಿನ ಸಾಲಿನಲ್ಲೇ ಇರುತ್ತದೆ.

ಚೀಟಿ ಎಂದರೆ ಗ್ರಂಥಾಲಯದ ಸೂಚಿಪತ್ರದ ಅಳತೆಯ, 5 ಇಂಚು ಉದ್ದ 3 ಇಂಚು ಅಗಲದ ದಪ್ಪ ಕಾಗದ. ಒಂದು ಚೀಟಿಗೆ ಒಂದೇ ಸಂಗತಿ, ಮೇಲೆ ವಿಷಯದ ಹೆಸರು, ಕೆಳಗೆ ಹೇಳಿದವರು ಯಾರು, ಯಾವತ್ತು ಹೇಳಿದರು ಎಂಬುದು. ಸಂಖ್ಯೆ ಬಂದಾಗ ಅದನ್ನು ಬರೆದು ಅವರೆದುರೇ ಓದಿ ಹೇಳುತ್ತೇನೆ. ಮೈಸೂರು ವೀಳ್ಯದೆಲೆಯ ಬಗ್ಗೆ ಬರೆಯುವಾಗ ‘ಸುಣ್ಣ’ ಎಂದಿದ್ದ ಚೀಟಿಗಳನ್ನು ತೆಗೆದರೆ ಆಲೆಮನೆಯ ಚೀಟಿಯ ಪಕ್ಕದಲ್ಲೇ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಬಳಸಿದರು ಎಂಬ ಚೀಟಿಯೂ ಸಿಕ್ಕಿತು. ಎಲೆ, ಬೆಲ್ಲ, ಕಟ್ಟೆ ಮೂರನ್ನೂ ಸುಣ್ಣದ ಎಳೆಯಲ್ಲಿ ಪೋಣಿಸಿದ ಲೇಖನ ಹುಟ್ಟಿದ್ದು ಹಾಗೆ. ನೋಟ್‌ಬುಕ್ಕಿನಲ್ಲಿ ಆ ಮೂರು ಸಂಗತಿಗಳು ಏಳು ತಿಂಗಳಷ್ಟು ದೂರದಲ್ಲಿರುತ್ತಿದ್ದವು.

ಮಳೆಗೆ ಚೀಟಿ ತಡೆಯದು, ಬಾಲ್‌ಪೆನ್ನನ್ನೇ ಬಳಸಬೇಕು.

ಸಂಭಾವನೆ ಎರಡು ತಿಂಗಳು ತಡವಾಗಿ ಬರುವ, ಮಂಡ್ಯದ ಬಸ್ಸಿನಲ್ಲಿ ಮಡಿಲ ಮೇಲೆಯೇ ಟಿಪ್ಪಣಿಗಳನ್ನು ಜೋಡಿಸಿಕೊಳ್ಳುವ ನನ್ನಂಥವರಿಗೆ ಚೀಟಿಯೇ ಸಾಕು, ಚೀಟಿಯೇ ಮೇಲು. ಕಂಸಾಳೆಯವರು ಮಾದಪ್ಪನ ಕಥೆ ಹಾಡುವಾಗಿನ ಏರಿಳಿತವನ್ನು ಮಾತ್ರ ಯಾವ ಚೀಟಿಯೂ ಹಿಡಿಯಲಾರದು. ಆ ಕೆಲಸಕ್ಕೆ ಖಾನೆಯಿಂದ ರೆಕಾರ್ಡರನ್ನು ಹೊರಗೆ ತೆಗೆಯುತ್ತೇನೆ.